ಕಾಮಣ್ಣನಿಗೆ ಹೋದ ಹಲಗೆಗಳು

೩ ಮಾರ್ಚ್ ೧೯೫೮, ಸೋಮವಾರ. ಅಂಕಲಗಿ

ಮತ್ತೆ ಅದೇ ಜಗಳ. ಅಗೆದ ಮಣ್ಣನ್ನು ತಗ್ಗಿನ ಅಂಚಿಗೇ ಸುರಿಯುತ್ತಾಳೆ ಫಕೀರವ್ವ. ದೂರ ಹಾಕು, ದೂರ ಹಾಕು ಎಂದು ನನ್ನ ಗಂಟಲು ಒಣಗಿತು. ಕೆಳಗೆ ಅಗೆಯುತ್ತಿದ್ದ ಅವಳ ಗಂಡ ಬೀರಸಿದ್ದಪ್ಪ ನಕ್ಕ. "ಮಿಸ್ತ್ರಿ ಕಾಕಾ, ನಿಮ್ಮಂಥಾ ಅತ್ತಿ ಇದ್ದಿದ್ರ ಇಕಿ ಎಂದೋ ತವರಮನಿಗೆ ಹೋಗತಿದ್ಲು."

ನಗಲಿ. ನೀರಿನ ಪೈಪಿನ ತಗ್ಗು ಎರಡಾಳು ಆಳ ದಾಟಿದೆ. ಎರೆಮಣ್ಣು — ನಂಬುವಂತಿಲ್ಲ. ಗೋಡೆ ಕುಸಿಯದಂತೆ ಎರಡೂ ಬದಿಗೆ ಹಲಗೆ, ನಡುವೆ ಅಡ್ಡ ತೊಲೆ. ದಿನಾ ಬೆಳಿಗ್ಗೆ ಒಂದೊಂದನ್ನೂ ಒದ್ದು ನೋಡುತ್ತೇನೆ. ಹದಿನಾಲ್ಕು ವರ್ಷದ ಮಿಸ್ತ್ರಿಕೆಯಲ್ಲಿ ಒಬ್ಬನ ಕಾಲುಗುರೂ ಮುರಿದಿಲ್ಲ.

೪ ಮಾರ್ಚ್, ಸಂಜೆ

ನಾಳೆ ಹೋಳಿ ಹುಣ್ಣಿಮೆ. ಎರಡು ದಿನ ಕೆಲಸ ಬಂದ್. ಬೀರಸಿದ್ದಪ್ಪ, ಅವನ ಜೊತೆಗಾರ ಸತ್ತೆಪ್ಪ ಇಬ್ಬರೂ ತಗ್ಗಿಗಿಳಿದು ಮೇಲಿನ ಸಾಲಿನ ಆರು ಹಲಗೆ, ಒಂದು ತೊಲೆ ಬಿಚ್ಚಿ ಒಯ್ದರು. ಕಾಮಣ್ಣನನ್ನು ಸುಡಲು. ಕಾಮಣ್ಣನಿಗೆ ಕದ್ದ ಕಟ್ಟಿಗೆ ಕಳವಲ್ಲ, ವಾಪಸು ಕೇಳುವಂತೆಯೂ ಇಲ್ಲ. ಕೇಳಿದವನ ಮನೆಯ ಬಾಗಿಲೂ ಬೆಂಕಿಗೆ ಹೋಗುತ್ತದೆ! ನಾನು ಕಂಡೂ ಕಾಣದವನಂತೆ ಬೀಡಿ ಹಚ್ಚಿದೆ.

ಗೋಕಾಕದಿಂದ ಬೇರೆ ಹಲಗೆ ತರಲು ಗಾಡಿಗೆ ಹೇಳಿದ್ದೇನೆ. ಶುಕ್ರವಾರ ಬೆಳಿಗ್ಗೆ ಬರುತ್ತದೆ.

೬ ಮಾರ್ಚ್

ಬಣ್ಣದ ದಿನ. ಬೀರಸಿದ್ದಪ್ಪನ ತಲೆಗೆ ಒಂದು ಕೊಡ ಗುಲಾಬಿ ಬಣ್ಣ ಸುರಿದೆ. ಈ ವಯಸ್ಸಿಗೆ ಇದು ಬೇಕೇ ಎಂದಳು ನನ್ನ ಹೆಂಡತಿ. ಬೇಕು.

೭ ಮಾರ್ಚ್

ಗಾಡಿ ಇನ್ನೂ ಬಂದಿಲ್ಲ.

೧೧ ಮಾರ್ಚ್

ಇವತ್ತಾದರೂ ಬರೆಯಬೇಕು.

ಶುಕ್ರವಾರ ಮಧ್ಯಾಹ್ನಕ್ಕೆ ಇಂಜಿನಿಯರ್ ಸಾಹೇಬರು ಬರುವವರಿದ್ದರು. ಪೈಪು ಕೂರಿಸಿರಬೇಕೆಂದು ಹುಕುಂ. ಹಲಗೆಯ ಗಾಡಿ ಇನ್ನೂ ದಾರಿಯಲ್ಲಿ.

"ಕಾಕಾ, ನಾಕ ಬುಟ್ಟಿ ಮಣ್ಣ ಉಳದೈತಿ. ತಗದ ಬಂದಬಿಡ್ತೇನಿ, ಇಳೀಲೇನ್ರಿ?" ಬೀರಸಿದ್ದಪ್ಪ ಕೇಳಿದ.

"ಹಲಗಿ ಬರಲಿ ತಡಿ" ಎಂದೆ. ಆಮೇಲೆ ಬಿಸಿಲು ನೋಡಿದೆ. ಆಮೇಲೆ... "ಇಳಿ. ಲಗೂನ ಮುಗಸು."

ಮೂರು ಬುಟ್ಟಿ ಮೇಲೆ ಬಂತು. ನಾಲ್ಕನೆಯದಕ್ಕೆ ಫಕೀರವ್ವ ಕೈ ಚಾಚಿದ್ದಳು. ಗೋಡೆ ಕುಸಿಯಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ.

ಗುದ್ದಲಿ ಹಾಕಿದರೆ ಅವನಿಗೇ ತಗುಲೀತೆಂದು ಕೈಯಲ್ಲೇ ಬಗೆದೆವು. ಸತ್ತೆಪ್ಪ, ನಾನು, ಅವಳು. ಮೊದಲು ಸಿಕ್ಕಿದ್ದು ಕೈ. ನಾನು ಸುರಿದ ಗುಲಾಬಿ ಬಣ್ಣ ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಹಿಡಿದೆ. ಬಿಸಿ ಇತ್ತು. ಮುಖ ಸಿಗುವ ಹೊತ್ತಿಗೆ ಜೀವ ಇರಲಿಲ್ಲ.

ಮೂರು ಗಂಟೆಗೆ ಗಾಡಿ ಬಂತು. ಹೊಸ ಹಲಗೆ.

೧೩ ಮಾರ್ಚ್

ಸಾಹೇಬರು ಕರೆಸಿದ್ದರು. "ಕೂಲಿಯವನೇ ಹಲಗಿ ಕದ್ದಿದ್ದ ಅಂತ ಬರದಕೊಡ್ರಿ ರಾಚಪ್ಪ. ನಿಮಗೂ ಸುಖ, ನನಗೂ ಸುಖ." ನಾಳಿದ್ದು ಕೊಡುತ್ತೇನೆಂದು ತಲೆಯಾಡಿಸಿ ಬಂದೆ. ಥೂ ನನ್ನ ಜನ್ಮಕ್ಕೆ.

ಸಂಜೆ ಫಕೀರವ್ವ ಬಂದಳು. ಕುಂಕುಮವಿಲ್ಲದ ಹಣೆ ನೋಡಲಾಗಲಿಲ್ಲ. "ಅಣ್ಣಾರ, ಅವ ಕಳವು ಮಾಡಿ ಸತ್ತ ಅಂತ ಊರಾಗ ಅನ್ನಾಕತ್ತಾರ. ಹಲಗಿ ಬಿಚ್ಚಿದ ದಿನ ನೀವೂ ಅಲ್ಲೇ ಇದ್ರೆಲ್ಲರಿ. ಖರೆ ಏನ್ರಿ?"

ನೀರು ಕುಡಿ ಎಂದೆ.

೧೫ ಮಾರ್ಚ್, ಬೆಳಿಗ್ಗೆ

ಕಚೇರಿಗೆ ಕೊಡುವ ಹೇಳಿಕೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಬೀರಸಿದ್ದಪ್ಪ ಕಳ್ಳನಲ್ಲ. ನಾನು ಬೀಡಿ ಹಚ್ಚುತ್ತ ನಿಂತಿದ್ದೆ ಎಂದು ಹಿಂದೆ ಬರೆದದ್ದು ಸುಳ್ಳು. ತೊಲೆ ಬಿಗಿಯಾಗಿತ್ತು. ಅವರಿಬ್ಬರ ಕೈಲಾಗಲಿಲ್ಲ. "ಹಂಗಲ್ಲೋ ಹುಚ್ಚಪ್ಯಾ" ಎಂದು ಇಳಿದು, ನಾನೇ ಬಡಿದು ಬಿಚ್ಚಿಕೊಟ್ಟೆ. ಮೂವರೂ ನಕ್ಕೆವು. ಶುಕ್ರವಾರ ಇಳಿ ಎಂದವನೂ ನಾನೇ.

ಫಕೀರವ್ವ ಬಾಗಿಲಿಗೆ ಬಂದು ನಿಂತಿದ್ದಾಳೆ. ಏನು ಬರೆದಿರಿ, ಓದಿ ಹೇಳಿ ಅನ್ನುತ್ತಾಳೆ. ಓದಬೇಕು. ಮೊದಲ ಸಾಲು ಓದಿದೆ. ಎರಡನೆಯದು ನನ್ನ ಸುಳ್ಳಿನದು.