ಚಿನಕುರಳಿಯ ಪಾದ

ಸೋಮವಾರ, ಬೇಕರಿಗೆ ರಜೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀಯ. ಸಿಕ್ಕಾಗ ಕಿವಿ ಹಿಂಡು. ಮೊದಲು ಒಳ್ಳೆಯ ಸುದ್ದಿ: ನಿನ್ನ ಸೋದರಸೊಸೆ ಚಿನಕುರಳಿ ನಿನ್ನೆ ಯಾರ ಕೈಯನ್ನೂ ಹಿಡಿಯದೆ ಮನೆಯಿಂದ ಬೇಕರಿಯವರೆಗೆ ನಡೆದು ಬಂದಳು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತೆ, ಒಳಗೆ ಬನ್ನುಗಳೆಲ್ಲ ಕರಕಲು.

ಆದದ್ದು ಇಷ್ಟು. ಕೆಲವು ತಿಂಗಳ ಹಿಂದೆ ಅವಳ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳತೊಡಗಿತು. ಇವಳಿಗೆ ಪರಿವೆಯೇ ಇಲ್ಲ, ಒಂಟಿ ಚಪ್ಪಲಿಯಲ್ಲಿ ಮನೆಗೆ ಬರುವಳು. ನಾನು ಮಹಾ ಜಾಣ! ಸಡಿಲವಿರಬೇಕೆಂದು ಒಂದು ಅಳತೆ ಚಿಕ್ಕದು ತಂದುಕೊಟ್ಟೆ. ಅದು ಕಚ್ಚಿ ಬೊಬ್ಬೆ ಎದ್ದು ಒಡೆದರೂ ಅವಳಿಗೆ ಗೊತ್ತಾಗಲಿಲ್ಲ. ಬರಬರುತ್ತಾ ಯಾರದಾದರೂ ಕೈ ಹಿಡಿಯದೆ ನಡೆಯಲೂ ಆಗದಾಯಿತು. ರಕ್ತ ಕಂಡ ಅವಳಮ್ಮ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಕೇಳಿದ್ದೇ "ಬಲೂನಿನಿಂದ ಗ್ಯಾಸು ಎಳೀತೀಯಾ?" ಎಂದು. ಮಗಳು ತಲೆ ತಗ್ಗಿಸಿದಳು. ಕ್ರೀಮು ಉಬ್ಬಿಸಲು ನಾವು ಬಳಸುತ್ತೇವಲ್ಲ, ಅದೇ ನಗೆ ಗ್ಯಾಸು. ಗೆಳತಿಯರ ಜೊತೆ ಸೇರಿ ಬಲೂನಿಗೆ ತುಂಬಿಕೊಂಡು ಎಳೆಯುತ್ತಿದ್ದಳಂತೆ. "ಎರಡು ನಿಮಿಷ ತಲೆ ಹಗುರಾಗಿ ನಗು ಬರುತ್ತೆ ಅಪ್ಪಾ, ಅಷ್ಟೇ. ಕೇಕಿಗೆ ಹಾಕೋದು ತಾನೇ, ಏನಾಗುತ್ತೆ ಅಂದ್ಕೊಂಡೆ" ಎಂದಳು. ಬೇಕರಿಯವನ ಮಗಳಲ್ಲದೆ ಇನ್ಯಾರು ಹಾಗೆ ನಂಬುತ್ತಾರೆ ಹೇಳು.

"ಆ ಗ್ಯಾಸು ಮೈಯಲ್ಲಿರೋ ಬಿ-ಹನ್ನೆರಡು ವಿಟಮಿನ್ನನ್ನ ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ಆಮೇಲೆ ಬೆನ್ನುಹುರಿ, ನರ ಎಲ್ಲ ಹಾಳಾಗುತ್ತೆ. ನಡಿಗೆ ಸುಧಾರಿಸುತ್ತೆ. ಪಾದದ ಸ್ಪರ್ಶ ಪೂರ್ತಿ ಬರುತ್ತಾ ಅಂತ ಈಗಲೇ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ.

ಬಲೂನು ಬಿಟ್ಟಳು, ಇಂಜೆಕ್ಷನ್ನು ಹಿಡಿದಳು. ಬೆರಳು ಜುಮ್ಮೆನ್ನುತ್ತದೆ ಎಂದ ಗೆಳತಿಯನ್ನೂ ತಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮನೆಯಲ್ಲಿ ಮತ್ತೆ ಅವಳ ಹರಟೆ, ಅವಳಮ್ಮನ ಗದರಿಕೆ. ನಾನು ಖುಷಿಯಾಗಿದ್ದೇನೆ ಅಕ್ಕ, ನಿಜವಾಗಿ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಮ್ಮ ಹುಡುಗಿಯನ್ನು ಮನಸಾರೆ ಹರಸು.

ನಿನ್ನ
ತಮ್ಮ

ವಿ.ಸೂ.: ಇದನ್ನು ಅವಳಮ್ಮನಿಗೂ ಹೇಳಿಲ್ಲ. ದಿನಾ ಸಂಜೆ ಅವಳ ಪಾದಕ್ಕೆ ನಾನೇ ಎಣ್ಣೆ ತಿಕ್ಕುತ್ತೇನೆ. "ಗೊತ್ತಾಗ್ತಿದೆ ಅಪ್ಪಾ, ನಿನ್ನ ಕೈ ಬೆಚ್ಚಗಿದೆ" ಎಂದು ಈಚೆಗೆ ಹೇಳುತ್ತಿದ್ದಳು. ಕೇಳಿ ಹೊಟ್ಟೆ ತಣ್ಣಗಾಗುತ್ತಿತ್ತು. ನಿನ್ನೆ ಕಣ್ಣು ಮುಚ್ಚಿ ಮಲಗಿದ್ದಳು. "ಹೇಗಿದೆ ಮಗಳೇ?" ಎಂದೆ. "ಬೆಚ್ಚಗಿದೆ ಅಪ್ಪಾ" ಎಂದಳು. ನಾನಿನ್ನೂ ಎಣ್ಣೆ ಶೀಶೆಯ ಮುಚ್ಚಳ ತೆಗೆಯುತ್ತಿದ್ದೆ ಅಕ್ಕ.