ವಾಲ್ವಿನ ಹಿಡಿ

ಪ್ರೀತಿಯ ಅತ್ತೆಗೆ ನಮಸ್ಕಾರ.

ನಾದಿನಿಯೂ ಮಗುವೂ ಚೆನ್ನಾಗಿದ್ದಾರೆಂದು ತಿಳಿದು ಸಮಾಧಾನವಾಯಿತು.

ಕೊಯ್ಲಿಗೆ ಮುಂಚೆ ನೀರು ಕೊಟ್ಟರೆ ಕರ್ಬೂಜ ಸಪ್ಪೆಯಾಗುತ್ತದೆಂದು ನೀವು ನಾದಿನಿಯ ಬಾಣಂತನಕ್ಕೆ ಹೊರಡುವಾಗಲೂ ಬಡಿದುಕೊಂಡಿರಿ. ನಿಮ್ಮ ಮಗ ಕಿವಿಗೆ ಹಾಕಿಕೊಂಡರೇ? ಬಳ್ಳಿ ಬಾಡಿದ್ದೇ ತಡ, ನೀರು ಬಿಡಲು ಓಡಿದರು. ನೋಡಿದರೆ ನೀರಿನ ಪೈಪಿನ ವಾಲ್ವಿಗೆ ಹಿಡಿಯೇ ಇಲ್ಲ! ಇಕ್ಕಳ ಹಾಕಿದರೂ ತಿರುಗಲಿಲ್ಲ. “ಯಾವನೋ ಕದ್ದಿದಾನೆ ಕಣೇ!” ಎಂದು ಕೂಗಾಡಿದರು.

ಮೊನ್ನೆ ಹಣ್ಣಿನ ವ್ಯಾಪಾರಿ ಒಂದು ಹೋಳು ಬಾಯಿಗಿಟ್ಟು, “ಸಕ್ಕರೆ ಇದ್ದಂಗಿದೆ! ನೀರು ಕುಡಿಸಿ ತೂಕ ಏರಿಸೋರಲ್ಲ ನೀವು. ಮುಂದಿನ ಬೆಳೆನೂ ನಂಗೇ ಕೊಡಿ” ಎಂದ. ನಿಮ್ಮ ಮಗ ಮೀಸೆ ತಿರುವಿದರು.

ನಿಮ್ಮ ಉಪಕಾರ ದೊಡ್ಡದು, ಅತ್ತೆ. ಇನ್ನು ಬಿತ್ತನೆಗೆ ನೀರು ಬೇಕು. ಆ ಹಿಡಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಹೋದ ಹಾಗೆಯೇ ಸುತ್ತಿ ಕಳಿಸಿ. ಇವರು ಕಳ್ಳನಿಗೆ ಇನ್ನೂ ಶಾಪ ಹಾಕುತ್ತಿದ್ದಾರೆ. ನಿಮ್ಮ ಚೀಲದ ಜಿಪ್ ಎಳೆದುಕೊಟ್ಟವಳು ನಾನು; ಬಾಯಿ ಬಿಟ್ಟಿಲ್ಲ.

ಇಂತಿ,
ನಿಮ್ಮ ಸೊಸೆ