ಮೂರನೆಯ ಫೋಟೋ, ಉದುರಿದ ಹಲ್ಲು

ತಮ್ಮಾ,

ನಿಮ್ಮಕ್ಕ ಬಸ್ ಓಡಿಸಲು ಹೋಗಿದ್ದಾಳೆ. ಇಂಟರ್ನೆಟ್‌ನಲ್ಲಿ ನಾವು ನಡೆಸುವ ದೂರದೇಶದ ಆ ಟೆಲಿಸ್ಕೋಪ್, ಅಲ್ಲಿ ರಾತ್ರಿಯಾಗಿರುವ ನಮ್ಮ ಮಧ್ಯಾಹ್ನ ಎರಡಕ್ಕೆ, ಮತ್ತೆ ನಮ್ಮ ಪಾಲಿಗೆ ಬರುತ್ತದೆ. ಕಂಪ್ಯೂಟರಿನ ಮುಂದೆ ಕೂತು ಕಾಲು ಗಂಟೆಗೊಂದರಂತೆ ಮೂರು ಫೋಟೋ ತೆಗೆ. ಜಾಗ ಬದಲಿಸುವ ಚುಕ್ಕೆಯೇ ನಮ್ಮ ಕ್ಷುದ್ರಗ್ರಹ. ಇವತ್ತು ತಪ್ಪಿದರೆ ಮತ್ತೆ ಸಿಗದು.

ನಿನ್ನೆ ಮೂರನೆಯ ಫೋಟೋ ಹೊತ್ತಿಗೆ ಇಸ್ತ್ರಿಪೆಟ್ಟಿಗೆಗೆಂದು ಕಂಪ್ಯೂಟರಿನ ವೈರ್ ಕಿತ್ತೆಯಲ್ಲ, “ಕಲ್ಲು ಎಲ್ಲಿಗೆ ಓಡಿಹೋಗತ್ತೆ ಬಿಡೇ” ಅಂತ ಬೇರೆ. ಅಕ್ಕನ ಗುದ್ದಿಗೆ ಭೂಮಿ ಎರಡು ಸುತ್ತು ಹೆಚ್ಚು ತಿರುಗಿತು, ನಿನ್ನ ಹಲ್ಲು ಮಂಚದಡಿಗೆ ಹಾರಿತು. ಉಳಿದ ಹಲ್ಲುಗಳ ಗುರುತು ಅಕ್ಕನ ತೋಳಿನಲ್ಲಿ ಭದ್ರವಾಗಿದೆ.

ಇವತ್ತು ವೈರ್ ಮುಟ್ಟಿದರೆ ಆ ಮೂವತ್ತೊಂದೂ ಉದುರುತ್ತವೆ.

ಅನ್ನ ಮೆತ್ತಗೆ ಬೇಯಿಸಿಟ್ಟಿದ್ದಾಳೆ, ಎಡಗಡೆಯಿಂದ ಅಗಿ.

ಚುಕ್ಕೆ ಸಿಕ್ಕರೆ, ವರದಿಯಲ್ಲಿ ಅದನ್ನು ಮೊದಲು ಕಂಡವರ ಹೆಸರು ಕೇಳುತ್ತಾರೆ. ನಿನ್ನದೇ ಬರೆ. ಅಕ್ಕನ ಹೆಸರು ನಿನ್ನ ದವಡೆಯ ಮೇಲೆ ಆಗಲೇ ಇದೆ.

ಇಂತಿ,
ಅದೇ ಅಕ್ಕ